ಸ್ವೀಡನ್ನಿಗೆ ಹೋದ ಸಿಂಬಿ

ಹೊಸಪೇಟೆ

ಪರದೇಶಕ್ಕೆ ಹೋಗಿ ಬಂದವರು ಏನೇನು ಬರೆಯುತ್ತಾರೆಂದು ನನಗೆ ಗೊತ್ತು. ಹಿಮ, ಸರೋವರ, ಕಸವಿಲ್ಲದ ರಸ್ತೆ, ಕೊನೆಗೆ ನಮ್ಮ ದೇಶ ಯಾವಾಗ ಹೀಗಾಗುವುದೋ ಎಂಬ ನಿಟ್ಟುಸಿರು. ನನ್ನ ಹತ್ತಿರ ನಿಟ್ಟುಸಿರಿಲ್ಲ, ಸಿಟ್ಟಿದೆ. ಒಂಬತ್ತು ದಿನದ ಪ್ರವಾಸದಲ್ಲಿ ನಾನು ಒಬ್ಬರಲ್ಲ ಒಬ್ಬರ ಮೇಲೆ ಸಿಟ್ಟಾಗಿಯೇ ಇದ್ದೆ. ಆ ಸಿಟ್ಟು ಕೊನೆಗೆ ಯಾರ ಮೇಲೆ ಬಂದು ನಿಂತಿತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೊಸಪೇಟೆಯ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವಳು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಏನನ್ನು ಪರೀಕ್ಷಿಸಬೇಕು, ಏನನ್ನು ಬಿಡಬಹುದು, ಯಾರು, ಎಲ್ಲಿ, ಯಾವ ದಿನ, ಏನಾದರೆ ಪಾಸು, ಏನಾದರೆ ಫೇಲು ಎಂದು ಮೊದಲೇ ಗೊತ್ತುಮಾಡಿ ಬರೆದಿಡಬೇಕು. ಅದಕ್ಕೆ ಟೆಸ್ಟ್ ಪ್ಲಾನ್ ಅನ್ನುತ್ತೇವೆ. ಹುಡುಕುವುದು ಅಷ್ಟು ಕಷ್ಟವಲ್ಲ. ಎಲ್ಲಿ ಹುಡುಕಬೇಕೆಂದು ಕೂತು ಯೋಚಿಸುವುದು ಕಷ್ಟ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹುಲಿಗೆಮ್ಮ ಎನ್ನುವ ಹೆಸರನ್ನು ಸ್ವಲ್ಪ ಮಾಡರ್ನ್ ಮಾಡಿಕೋ ಎಂದು ಹಾಸ್ಟೆಲಿನಲ್ಲಿ ಗೆಳತಿಯರು ಹೇಳಿದ್ದರು. ಮಾಡಿಕೊಳ್ಳಲಿಲ್ಲ. ಪಾಸ್‌ಪೋರ್ಟಿನಲ್ಲೂ ಹುಲಿಗೆಮ್ಮ ಎಂದೇ ಇದೆ.

ಸಂಡೂರಿನ ಕಡೆಯ ಒಂದು ಅದಿರು ಗಣಿ ಸ್ವೀಡನ್ನಿನ ಕಂಪನಿಯಿಂದ ಹೊಸ ವ್ಯವಸ್ಥೆಯೊಂದನ್ನು ಕೊಂಡಿತ್ತು. ಪ್ರತಿ ಕೆಲಸಗಾರರ ಹೆಲ್ಮೆಟ್ಟಿನೊಳಗೆ ಒಂದು ಸಣ್ಣ ಬಿಲ್ಲೆ. ಗಣಿಯ ಸುತ್ತ ನೆಟ್ಟ ಕಂಬಗಳು ಆ ಬಿಲ್ಲೆ ಎಲ್ಲಿದೆ ಎಂದು ಗುರುತಿಸುತ್ತವೆ. ಕಲ್ಲು ಸಿಡಿಸುವ ಮುಂಚೆ ಗುಂಡಿಯೊಳಗೆ ಒಂದೇ ಒಂದು ಬಿಲ್ಲೆ ಉಳಿದಿದ್ದರೂ ಆಫೀಸಿನ ಪರದೆ ಕೆಂಪಗಿರುತ್ತದೆ. ಎಲ್ಲರೂ ಮೇಲೆ ಬಂದರೆ ಹಸಿರಾಗುತ್ತದೆ. ಹಸಿರಾದರೆ ಸೈರನ್ನು, ಆಮೇಲೆ ಸಿಡಿಮದ್ದು. ಇಲ್ಲಿಯವರೆಗೆ ಈ ಕೆಲಸ ಮಾಡುತ್ತಿದ್ದವನು ಮೇಸ್ತ್ರಿ. ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ, ಓ ಅಂದವರ ಮುಖ ನೋಡಿ ಗೀಟು ಹಾಕುತ್ತಿದ್ದ. ಹೊಸ ವ್ಯವಸ್ಥೆ ಬಂದ ದಿನದಿಂದ ಹೆಸರು ಕೂಗುವುದು ಬಂದ್ ಎಂದು ಗಣಿಯವರು ತೀರ್ಮಾನಿಸಿದ್ದರು.

ಆ ಗಣಿಯಲ್ಲಿ ನನ್ನ ಅವ್ವ ಕೆಲಸ ಮಾಡುತ್ತಾಳೆ. ಗುತ್ತಿಗೆಯವಳು. ಚರಂಡಿಯ ಹೂಳು ತೆಗೆಯುವುದು, ಒಡ್ಡಿಗೆ ಪುಟ್ಟಿಯಲ್ಲಿ ಕಲ್ಲು ಹೊರುವುದು, ಗುಡ್ಡದ ಇಳಿಜಾರಿನಲ್ಲಿ ಸಸಿ ನೆಡುವುದು. ಹದಿನೇಳು ವರ್ಷದಿಂದ.

ಗಣಿಯವರ ಪರವಾಗಿ ಈ ವ್ಯವಸ್ಥೆಯನ್ನು ಪರೀಕ್ಷಿಸಿ ಸಹಿ ಹಾಕುವ ಜವಾಬ್ದಾರಿ ನಮ್ಮ ಕಂಪನಿಗೆ ಬಂತು. ಪ್ಲಾನನ್ನು ಮೂರು ತಿಂಗಳು ಕೂತು ಬರೆದವಳು ನಾನು. ಮುಖಪುಟದ ಮೇಲೆ ಹೆಸರು ಬಂದದ್ದು ನಮ್ಮ ಮ್ಯಾನೇಜರ್ ಪ್ರಶಾಂತ್ ಸರ್ ಅವರದು. ಸ್ವೀಡನ್ನಿಗೂ ಅವರೇ ಹೋಗುವವರಿದ್ದರು. ಅಲ್ಲಿನ ಊರು ಧ್ರುವದ ಹತ್ತಿರ, ನೋಡಲಿಕ್ಕೆ ಏನೂ ಇಲ್ಲ ಎಂದು ಯಾರೋ ಹೇಳಿದ ಮೇಲೆ ನನ್ನನ್ನು ಕರೆದರು.

“ನೀನ ಹೋಗಿ ಬಾರಮ್ಮ. ಅವ್ರ ಕಡೆ ಎಲ್ಲಾ ಪಾಸಾಗಿ ಕುಂತೈತಿ. ಒಂದ್ ಸಹಿ ಹಾಕಿ ಬರೋದು ಅಷ್ಟ.”

ಸಿಟ್ಟು ಅಲ್ಲಿಂದಲೇ ಶುರುವಾಯಿತು.

ಹೊರಡುವ ದಿನ ಅವ್ವ, ನಾನು ಬೆಳೆದ, ಗಣಿಯ ಪಕ್ಕದ ಯಶವಂತನಗರದಿಂದ ಮುಂಜಾನೆಯ ಬಸ್ಸಿಗೆ ಬಂದಳು. ಗಣಿಯವರು ಕೊಟ್ಟ ಹಳದಿ ಹೆಲ್ಮೆಟ್ಟನ್ನು ಅಂಗಾತ ಹಿಡಿದು, ಅದರೊಳಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟುಕೊಂಡು ತಂದಿದ್ದಳು. ಬಸ್ಸಿನ ಕುಲುಕಾಟಕ್ಕೆ ರೊಟ್ಟಿ ಮುರಿಯಬಾರದಂತೆ. ಹೆಲ್ಮೆಟ್ಟಿನ ಒಳಪಟ್ಟಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಇನ್ನೂ ಬಿಚ್ಚಿರಲಿಲ್ಲ. ನಾನು ನಕ್ಕು, ರೊಟ್ಟಿ ತೆಗೆದು ಬ್ಯಾಗಿಗೆ ಹಾಕಿಕೊಂಡು, ಹೆಲ್ಮೆಟ್ಟು ವಾಪಸು ಕೊಟ್ಟೆ. ತಪ್ಪು ಹುಡುಕಲಿಕ್ಕೆಂದು ಸಂಬಳ ತೆಗೆದುಕೊಳ್ಳುವವಳು ನಾನು. ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಏನಿತ್ತು ಎಂದು ನೋಡಲಿಲ್ಲ.

ಶನಿವಾರ, ಭಾನುವಾರ

ಮೂರು ವಿಮಾನ ಬದಲಿಸಿದೆ. ಎರಡನೆಯ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ರೊಟ್ಟಿಯ ಗಂಟು ಬಿಚ್ಚಿ, ಒಂದು ರೊಟ್ಟಿ ತೆಗೆದು ಮೇಜಿನ ಅಂಚಿಗೆ ಬಡಿದು ನೋಡಿದ. ಟಣ್ ಅಂತ ಸದ್ದಾಯಿತು. ಇದು ತಿನ್ನುವುದೇ ಎಂದು ಕೇಳಿದ. ಒಂದು ಚೂರು ಮುರಿದು ಅವನೆದುರೇ ತಿಂದು ತೋರಿಸಿದೆ. ಹಿಂದೆ ನಿಂತವರೆಲ್ಲ ನನ್ನ ದವಡೆಯನ್ನೇ ನೋಡುತ್ತಿದ್ದರು.

ಕೊನೆಯ ಸಣ್ಣ ವಿಮಾನ ನನ್ನನ್ನು ಇಳಿಸಿದ್ದು ಸ್ವೀಡನ್ನಿನ ಉತ್ತರ ತುದಿಯ ಒಂದು ಅದಿರಿನ ಊರಿನಲ್ಲಿ. ಕಬ್ಬಿಣದ ಊರಿನಿಂದ ಕಬ್ಬಿಣದ ಊರಿಗೇ ಬಂದಿದ್ದೆ. ಆದರೆ ಅಲ್ಲಿ ಕೆಂಪು ಧೂಳಿಲ್ಲ. ನಮ್ಮಲ್ಲಿ ಲಾರಿ ಓಡಾಡುವ ದಾರಿಯ ಪಕ್ಕದ ಬೇವಿನ ಗಿಡವೂ ಕೆಂಪು, ಎಮ್ಮೆಯೂ ಕೆಂಪು, ಒಣಹಾಕಿದ ಬಿಳಿ ಪಂಚೆಯೂ ಕೆಂಪು. ಇಲ್ಲಿ ಗಣಿಯ ಗೇಟಿನ ಎದುರಿನ ಕಾರು ಕೂಡ ಈಗಷ್ಟೇ ತೊಳೆದಂತಿತ್ತು. ಇವರ ಅದಿರು ನೆಲದೊಳಗಿಂದಲೇ ಮುಚ್ಚಿದ ರೈಲಿಗೆ ಹೋಗುತ್ತದೆಯೇ ಎನ್ನಿಸಿತು.

ಜೂನ್ ತಿಂಗಳು. ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ ಹನ್ನೊಂದು ಗಂಟೆಗೂ ಹೋಟೆಲಿನ ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು. ಮಲಗಲು ಆಗದೆ ಬೀದಿಗೆ ಇಳಿದರೆ, ಒಬ್ಬ ಮುದುಕ ಆರಾಮಾಗಿ ಹುಲ್ಲು ಕತ್ತರಿಸುತ್ತಿದ್ದ.

ಬಸ್ ಸ್ಟಾಪಿನಲ್ಲಿ ಐದು ಜನ ಇದ್ದರೆ ಐದು ಮೂಲೆಯಲ್ಲಿ ನಿಲ್ಲುತ್ತಾರೆ. ಬಸ್ಸು ಬಂದ ಮೇಲೂ ಯಾರಿಗೂ ಅವಸರವಿಲ್ಲ. ಸಂಡೂರಿನ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವಳು ನಾನು. ಅಭ್ಯಾಸಬಲದಿಂದ ಮೊದಲ ದಿನ ಎಲ್ಲರಿಗಿಂತ ಮುಂದೆ ನುಗ್ಗಿ ಹತ್ತಿದೆ. ಒಳಗೆ ನೋಡಿದರೆ ಮೂವತ್ತು ಸೀಟು ಖಾಲಿ.

ಸೋಮವಾರ

ಸ್ವೀಡನ್ ಕಂಪನಿಯ ಆಫೀಸಿನ ಬಾಗಿಲಲ್ಲಿ ಎಲ್ಲರೂ ಬೂಟು ಬಿಚ್ಚಿ ಒಳಗೆ ಹೋಗುತ್ತಿದ್ದರು. ಪರದೇಶದಲ್ಲಿ ಇದೊಂದು ನಡೆಯಲಿಕ್ಕಿಲ್ಲ ಎಂದು ನಂಬಿ ನಾನು ಹೆಬ್ಬೆರಳು ಹೊರಬಂದ ಸಾಕ್ಸ್ ಹಾಕಿಕೊಂಡು ಹೋಗಿದ್ದೆ. ಇಡೀ ದಿನ ಮೇಜಿನ ಕೆಳಗೆ ಒಂದು ಕಾಲನ್ನು ಇನ್ನೊಂದು ಕಾಲಿನಿಂದ ಮುಚ್ಚಿಕೊಂಡು ಕೂತೆ.

ನನ್ನ ಜೊತೆ ಕೆಲಸ ಮಾಡಬೇಕಿದ್ದವರು ಇಬ್ಬರು. ಇಂಗ್ರಿಡ್ ಈ ಯೋಜನೆಯ ಮುಖ್ಯಸ್ಥೆ. ನನಗಿಂತ ಹತ್ತು ವರ್ಷ ದೊಡ್ಡವಳು, ಮಾತು ತೂಗಿ ಆಡುವವಳು. ಲಾರ್ಸ್ ಹಿರಿಯ ಪರೀಕ್ಷಕ, ನಿವೃತ್ತಿಗೆ ಹತ್ತಿರ ಬಂದವನು. ಅವನಿಗೊಂದು ಅಭ್ಯಾಸ. ಹೌದು ಅನ್ನಬೇಕಾದಾಗ ಮಾತಾಡದೆ ಶುಪ್ ಎಂದು ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದ. ನಾನು ಏನು ಹೇಳಿದರೂ ಶುಪ್. ಮೊದಲು ಅವನಿಗೆ ಎದೆನೋವೆಂದುಕೊಂಡೆ. ನಾನು ಆಡಬಾರದ ಮಾತು ಆಡುತ್ತಿದ್ದೇನೆ ಎಂದು ಆಮೇಲೆ ಹೆದರಿದೆ. ಆ ಸೀಮೆಯವರು ಹಾಗೆಯೇ ಒಪ್ಪಿಗೆ ಸೂಚಿಸುವುದು ಎಂದು ಇಂಗ್ರಿಡ್ ಹೇಳಿದ ಮೇಲೆ ಸಮಾಧಾನವಾಯಿತು.

ನನ್ನ ಊರು ಯಾವುದೆಂದು ಲಾರ್ಸ್ ಕೇಳಿದ. ಹೊಸಪೇಟೆ ಅಂದೆ. ಗೊತ್ತಾಗಲಿಲ್ಲ. ಹಂಪಿ ಅಂದೆ. ಅವನ ಮುಖ ಅರಳಿತು. ಹುಡುಗನಾಗಿದ್ದಾಗ ಹಂಪಿಗೆ ಬಂದು ಒಂದು ತಿಂಗಳು ಇದ್ದನಂತೆ. ಬಂಡೆ, ಬಾಳೆತೋಟ, ಹರಿಗೋಲು, ಎಲ್ಲಾ ನೆನಪಿದೆ. ರೈಲಿನಿಂದ ಎಲ್ಲಿ ಇಳಿದೆ ಎಂದು ಕೇಳಿದೆ. ಯಾವುದೋ ಒಂದು ಸ್ಟೇಷನ್ ಅಂದ. ನನಗೆ ಉರಿದುಹೋಯಿತು. ಪ್ರಪಂಚವೆಲ್ಲ ನಮ್ಮೂರಿನ ಪ್ಲಾಟ್‌ಫಾರ್ಮಿನ ಮೇಲೆ ಇಳಿದು, ನಮ್ಮ ಆಟೋ ಹತ್ತಿ, ನಮ್ಮನ್ನು ನೋಡದೆ ಹಂಪಿಗೆ ಹೋಗುತ್ತದೆ. ಹಂಪಿಯ ಸತ್ತ ಅರಸರು ಇವನಿಗೆ ಗೊತ್ತು. ಅಲ್ಲಿಂದ ಬಸ್ಸಿನಲ್ಲಿ ಒಂದೂವರೆ ತಾಸು ದೂರದಲ್ಲಿ ಅದಿರಿನ ನಡುವೆ ಬದುಕಿರುವವರು ಗೊತ್ತಿಲ್ಲ.

ಆದರೆ ಕಡಕ್ ರೊಟ್ಟಿ ಕೊಟ್ಟಾಗ ಅವನು ಬಡಿದು ನೋಡಲಿಲ್ಲ. ಮುರಿದು ಬಾಯಿಗೆ ಹಾಕಿಕೊಂಡು, ನಮ್ಮಲ್ಲೂ ಇದೇ ಇದೆ, ಚಳಿಗಾಲಕ್ಕೆ ಮಾಡಿಟ್ಟುಕೊಳ್ಳುತ್ತೇವೆ ಎಂದು ತನ್ನ ಡಬ್ಬಿಯಿಂದ ಅಂಥದೇ ಒಣ ರೊಟ್ಟಿ ತೆಗೆದು ಕೊಟ್ಟ. ಅದು ರಾಗಿಬಣ್ಣದ್ದು, ಕಡಕ್ಕಾಗಿ, ಹುಳಿಯಾಗಿ ಇತ್ತು. ಆ ಒಂದು ಗಳಿಗೆ ನನ್ನ ಸಿಟ್ಟು ಇಳಿದಿತ್ತು ಎಂದು ಒಪ್ಪಿಕೊಳ್ಳಬೇಕು.

ಬುಧವಾರ

ಪರೀಕ್ಷೆ ನಡೆದದ್ದು ಊರಾಚೆಯ ಒಂದು ಹಳೆಯ ಗುಂಡಿಯಲ್ಲಿ. ಅದಿರು ಮುಗಿದು, ಅಂಚಿನಲ್ಲಿ ಹುಲ್ಲು ಬೆಳೆದಿತ್ತು. ಸುತ್ತ ಕಂಬಗಳು, ಮೇಲೆ ಮರದ ಒಂದು ಗುಡಿಸಲು, ಅದರೊಳಗೆ ಪರದೆ. ಗುಡಿಸಲಿನ ಗೋಡೆಗೆ ಹೆಲ್ಮೆಟ್ ಹಾಕುವ ಮೊಳೆಗಳು. ಸಿಡಿಮದ್ದಿಲ್ಲ, ಸೈರನ್ ಮಾತ್ರ ನಿಜವಾದದ್ದು.

ಎರಡು ದಿನ ನನ್ನ ಪ್ಲಾನಿನ ಪ್ರಕಾರ ನೂರಾ ಹದಿನೆಂಟು ಪರೀಕ್ಷೆ ನಡೆದವು. ಕಂಪನಿಯ ಆರು ಜನ ಹೆಲ್ಮೆಟ್ ಹಾಕಿಕೊಂಡು ನಾನು ಬರೆದ ಹೊತ್ತಿಗೆ ನಾನು ಬರೆದ ಜಾಗದಲ್ಲಿ ನಿಂತರು. ಒಬ್ಬ ಬಂಡೆಯ ಮರೆಗೆ ನಿಂತರೆ ಗೊತ್ತಾಗುತ್ತದೆಯೇ? ಗೊತ್ತಾಯಿತು. ಇಬ್ಬರು ಅಂಟಿಕೊಂಡು ನಿಂತರೆ ಒಬ್ಬರೆಂದು ಎಣಿಸುತ್ತದೆಯೇ? ಇಲ್ಲ, ಇಬ್ಬರೆಂದೇ ಎಣಿಸಿತು. ಒಂದು ಕಂಬ ಕೆಟ್ಟರೆ, ಕರೆಂಟು ಹೋದರೆ, ಬಿಲ್ಲೆ ನೀರಿಗೆ ಬಿದ್ದರೆ, ಎಲ್ಲಕ್ಕೂ ಪರದೆ ಸರಿಯಾಗಿ ಕೆಂಪಾಯಿತು, ಸರಿಯಾಗಿ ಹಸಿರಾಯಿತು. ನಿಲ್ಲು ಎಂದಲ್ಲಿ ನಿಲ್ಲುವ ಇಂಥ ಜನರನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನನಗೆ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಬುಧವಾರ ಮಧ್ಯಾಹ್ನ ಕೊನೆಯ ಪರೀಕ್ಷೆಯೂ ಪಾಸಾಯಿತು. ಇಂಗ್ರಿಡ್ ಕೇಕು ತರಿಸಿದಳು. ಇಷ್ಟು ಚೊಕ್ಕ ಪ್ಲಾನನ್ನು ನೋಡಿಲ್ಲ ಎಂದಳು. ಮುಖಪುಟದ ಹೆಸರು ನೋಡಿ, ಪ್ರಶಾಂತ್ ಅವರಿಗೆ ನಮ್ಮ ಅಭಿನಂದನೆ ತಿಳಿಸಿ ಎಂದಳು.

ಗುರುವಾರ ವರದಿ ಬರೆಯಲಿಕ್ಕೆ, ಶುಕ್ರವಾರ ಸಹಿಗೆ. ಎರಡು ವಾರದಲ್ಲಿ ನಮ್ಮ ಗಣಿಯಲ್ಲಿ ಕಂಬ ನೆಡುವವರಿದ್ದರು.

ಅವರ ನಾಲ್ಕು ಗಂಟೆ ಎಂದರೆ ನಮ್ಮ ಏಳೂವರೆ. ಅವ್ವನಿಗೆ ಫೋನ್ ಮಾಡಿದೆ. ನನ್ನ ಕೆಲಸವೇನೆಂದು ಅವಳು ಯಾವತ್ತೂ ಕೇಳಿದವಳಲ್ಲ, ನಾನೂ ಬಿಡಿಸಿ ಹೇಳಿದವಳಲ್ಲ. ಅವತ್ತು ಕೇಕು ತಿಂದ ಖುಷಿಯಲ್ಲಿ ಹೇಳಿದೆ. ನಿಮ್ಮ ಹೊಸ ಹೆಲ್ಮೆಟ್ಟಿನಲ್ಲಿ ಬಿಲ್ಲೆ ಇರುತ್ತದೆ, ನೀವೆಲ್ಲಿದ್ದೀರೆಂದು ಪರದೆಯ ಮೇಲೆ ಕಾಣುತ್ತದೆ, ನೀವೆಲ್ಲ ಮೇಲೆ ಬಂದ ಮೇಲೆಯೇ ಸೈರನ್ನು.

“ನಮ್ ಹೆಲ್ಮೆಟ್ಟಿನ್ಯಾಗನಾ?” ಅಂದಳು.

“ಹೂಂ ಬೇ.”

ಆ ಕಡೆಯಿಂದ ನಗು. ಪಕ್ಕದಲ್ಲಿ ಕೂತ ಯಾರಿಗೋ ಹೇಳಿ ಅವರನ್ನೂ ನಗಿಸಿದಳು.

“ಅದನ್ನ ಹಾಕ್ಕೊಂಡ್ರ ಪುಟ್ಟಿ ಎಲ್ಲಿ ಇಟ್ಗೊಳ್ಳೋದವ್ವಾ? ಹೆಲ್ಮೆಟ್ ಮ್ಯಾಲೆ ಸಿಂಬಿ ನಿಂದ್ರತೈತೇನು? ಗೇಟಿನ್ಯಾಗ ಸಾಹೇಬ್ರು ನೋಡ್ತಾರಂತ ಹಾಕ್ಕೊಂಡ್ ಹೋಗ್ತೀವಿ. ಶೆಡ್ಡಿನ್ಯಾಗ ಗೂಟಕ್ಕ ಹಾಕಿ ಕೆಳಗ ಇಳೀತೀವಿ. ಎಲ್ಲಾ ಹೆಣ್ಮಕ್ಳೂ ಹಂಗ.”

ಅವಳೇ ಮತ್ತೆ ಕೇಳಿದಳು. “ಮತ್ತ ನಿನ್ ಕಂಪ್ಯೂಟರು ನಮ್ಮನ್ನ ಎಲ್ಲಿ ಅದಾರಂತೈತಿ?”

“ಶೆಡ್ಡಿನ್ಯಾಗ.”

“ಇರ್ಲಿ ಬಿಡು. ಮೇಸ್ತ್ರಿ ಹೆಸ್ರು ಕೂಗ್ತಾನಲ್ಲ.”

“ಇನ್ ಮ್ಯಾಲೆ ಕೂಗಂಗಿಲ್ಲ ಬೇ. ಅದನ್ನ ತೆಗೀತಾರ.”

ನಗು ನಿಂತಿತು.

“ಹಂಗಾದ್ರ ನೀನ ಸ್ವಲ್ಪ ನೋಡವ್ವಾ,” ಅಂದಳು.

ಗುರುವಾರ

ಬೆಳಿಗ್ಗೆ ಇಂಗ್ರಿಡ್‌ಳ ಕೋಣೆಗೆ ಹೋಗಿ ಇನ್ನೊಂದು ಪರೀಕ್ಷೆ ಆಗಬೇಕು ಅಂದೆ. ಹೆಲ್ಮೆಟ್ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಇದ್ದರೆ ಏನಾಗುತ್ತದೆ ಎಂದು ನೋಡಬೇಕು. ಅವಳು ಕಾಫಿ ಕೊಟ್ಟಳು. ಅಲ್ಲಿ ಎರಡು ತಾಸಿಗೊಮ್ಮೆ ಕಾಫಿ ಕುಡಿಯದೆ ಯಾವ ಮಾತೂ ಮುಂದೆ ಹೋಗುವುದಿಲ್ಲ. ಆಮೇಲೆ ನನ್ನ ಪ್ಲಾನಿನ ನಾಲ್ಕನೆಯ ಪುಟ ತೆಗೆದು ನನ್ನ ಕಡೆ ತಿರುಗಿಸಿದಳು.

ಪ್ರತಿ ಪ್ಲಾನಿನಲ್ಲೂ ಒಂದು ಪುಟ ಇರುತ್ತದೆ. ಪರೀಕ್ಷೆ ಮಾಡದೆಯೇ ನಿಜವೆಂದು ಹಿಡಿದುಕೊಂಡ ಸಂಗತಿಗಳ ಪಟ್ಟಿ. ಅದರಲ್ಲಿ ಮೂರನೆಯದು ಹೀಗಿತ್ತು: ಗಣಿಯೊಳಗಿನ ಎಲ್ಲರೂ ಕೆಲಸದ ಪೂರ್ತಿ ಹೊತ್ತು ಹೆಲ್ಮೆಟ್ ಧರಿಸಿರುತ್ತಾರೆ.

ಇದು ನಿಮ್ಮ ವಾಕ್ಯ, ನಾವು ಬರೆದದ್ದಲ್ಲ ಎಂದಳು. ದನಿ ಎತ್ತಲಿಲ್ಲ. ಈ ವಾಕ್ಯದ ಆಧಾರದ ಮೇಲೆ ಎರಡೂ ಕಡೆ ಒಪ್ಪಂದವಾಗಿದೆ, ಈಗ ಹೊಸದನ್ನು ಸೇರಿಸಲಾಗದು, ಹೆಲ್ಮೆಟ್ ಹಾಕದಿರುವುದು ಸಾಫ್ಟ್‌ವೇರಿನ ತಪ್ಪಲ್ಲ, ಶಿಸ್ತಿನ ತಪ್ಪು. ಅವಳು ಹೇಳಿದ್ದೆಲ್ಲ ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಹೊರಗೆ ಬಂದು ಪ್ರಶಾಂತ್ ಸರ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು, ಇಷ್ಟಕ್ಕೆ ಇಷ್ಟ್ಯಾಕೆ ತಲೆ ಕೆಡಿಸಿಕೊಂಡಿ ಅಂದರು.

“ಗಣಿಯವ್ರಿಗೆ ಹೇಳಿ ಒಂದು ನೋಟಿಸ್ ಹಚ್ಚಿಸಿದ್ರ ಆತು. ಹೆಲ್ಮೆಟ್ ತೆಗೆದವ್ರು ನಾಳಿಂದ ಕೆಲಸಕ್ಕ ಬರಬ್ಯಾಡ್ರಿ ಅಂತ. ನೀ ಸಹಿ ಹಾಕು.”

“ಪುಟ್ಟಿ ಯಾರ್ ತಲಿ ಮ್ಯಾಲೆ ಹೊರಸ್ತೀರಿ ಸರ್ ಹಂಗಾದ್ರ?”

“ನೋಡಮ್ಮ, ಪ್ಲಾನ್ ಬರದಾಕಿ ನೀನು. ಈಗ ತಪ್ಪೈತಿ ಅಂತ ನೀನ ಅಂದ್ರ ನಿನಗ ಕೆಟ್ಟ ಹೆಸರು.”

“ಹೆಸರು ಮುಖಪುಟದ ಮ್ಯಾಲೆ ನಿಮ್ದ ಐತಿ ಸರ್. ಕೆಟ್ಟದ್ದೂ ನಿಮ್ಗ ಬರ್ತೈತಿ.”

ಇಷ್ಟು ಹೇಳಿ ಫೋನ್ ಇಟ್ಟೆ.

ಆ ಊರಿನ ಮಧ್ಯದಲ್ಲಿ ಒಂದು ಕೆರೆ, ಅದರ ಸುತ್ತ ಒಂದು ದಾರಿ ಇದೆ. ಸೊಳ್ಳೆಗಳು ನಮ್ಮ ಕಾಲುವೆಯ ಸೊಳ್ಳೆಗಿಂತ ದೊಡ್ಡವು, ಹಗಲಿನಲ್ಲೇ ಕಚ್ಚುತ್ತವೆ. ನಾನು ಆ ಕೆರೆಯನ್ನು ನಾಲ್ಕು ಸುತ್ತು ಹಾಕಿದೆ. ಮೊದಲ ಸುತ್ತಿನಲ್ಲಿ ಪ್ರಶಾಂತ್ ಸರ್ ಅವರನ್ನು ಬೈದೆ, ಎರಡನೆಯದರಲ್ಲಿ ಇಂಗ್ರಿಡ್‌ಳನ್ನು, ಮೂರನೆಯದರಲ್ಲಿ ಗಣಿಯವರನ್ನು. ನಾಲ್ಕನೆಯ ಸುತ್ತಿಗೆ ಬೈಯಲಿಕ್ಕೆ ಬೇರೆ ಯಾರೂ ಉಳಿಯಲಿಲ್ಲ.

ಆ ವಾಕ್ಯ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಣಿಯ ಸುರಕ್ಷತಾ ಕೈಪಿಡಿಯಿಂದ ಇಳಿಸಿಕೊಂಡದ್ದು. ಪ್ಲಾನ್ ಬರೆಯುವ ಮುಂಚೆ ನಾನು ಆ ಗಣಿಗೆ ಹೋಗಿರಲಿಲ್ಲವೆಂದಲ್ಲ. ಹೋಗಿದ್ದೆ. ಕಂಪನಿಯ ಜೀಪಿನಲ್ಲಿ, ಬಿಳಿ ಹೆಲ್ಮೆಟ್ ಹಾಕಿಕೊಂಡು, ಇಬ್ಬರು ಇಂಜಿನಿಯರುಗಳ ನಡುವೆ ಕೂತು. ಯಂತ್ರ ನೋಡಿದೆ, ಕಂಬ ನೆಡುವ ಜಾಗ ನೋಡಿದೆ. ಒಂದು ತಿರುವಿನಲ್ಲಿ ಡ್ರೈವರ್, ಕೆಳಗೆ ಹೆಣ್ಮಕ್ಕಳು ಚರಂಡಿ ಕೆಲಸ ಮಾಡಾಕತ್ತಾರ, ನೋಡ್ತೀರೇನ್ರಿ ಮೇಡಂ ಎಂದು ಕೇಳಿದ. ಬ್ಯಾಡ, ಮುಂದೆ ಹೋಗೋಣ ಅಂದೆ. ಇಂಜಿನಿಯರುಗಳ ಎದುರು ಅವ್ವ ತಲೆಯ ಮೇಲೆ ಪುಟ್ಟಿ ಹೊತ್ತು ಬಂದು ನನ್ನ ಹೆಸರು ಹಿಡಿದು ಕರೆದರೆ ಎಂದು ಹೆದರಿದ್ದೆ. ಹೆಸರು ಬದಲಿಸಿಕೊಳ್ಳಲಿಲ್ಲ ಎಂದು ಬೀಗುವವಳು ಜೀಪಿನ ದಾರಿ ಬದಲಿಸಿದ್ದೆ.

ಎಲ್ಲಿ ಹುಡುಕಬೇಕೆಂದು ಗೊತ್ತುಮಾಡುವುದೇ ನನ್ನ ಕೆಲಸ. ಎಲ್ಲಿ ಹುಡುಕಬಾರದೆಂದು ಅವತ್ತೇ ಗೊತ್ತುಮಾಡಿಬಿಟ್ಟಿದ್ದೆ.

ಶುಕ್ರವಾರ

ಸಹಿ ಹನ್ನೊಂದು ಗಂಟೆಗೆ ಇತ್ತು. ಒಂಬತ್ತಕ್ಕೇ ಹೋಗಿ ಲಾರ್ಸ್‌ನನ್ನು ಹಿಡಿದೆ. ಕಾಗದದಲ್ಲಿ ಸೇರಿಸುವುದು ಬೇಡ, ನನಗೆ ನೀನು ಅರ್ಧ ತಾಸು ಪರದೆ ಹಚ್ಚಿಕೊಟ್ಟರೆ ಸಾಕು ಅಂದೆ. ಅವನು ಶುಪ್ ಎಂದ. ಅವನ ಕಾರಿನ ಡಿಕ್ಕಿಯಲ್ಲಿ ಅಣಬೆ ಆರಿಸುವ ಒಂದು ಬುಟ್ಟಿ ಇತ್ತು, ಅದನ್ನೂ ಕೇಳಿದೆ. ಇಂಗ್ರಿಡ್‌ಳಿಗೆ ನಾನೇ ಹೇಳಿದೆ. ಬರುವುದಿದ್ದರೆ ಬಾ, ಬರದಿದ್ದರೂ ನಾನು ಮಾಡುತ್ತೇನೆ. ಅವಳು ಗಡಿಯಾರ ನೋಡಿ, ಕೋಟು ಹಾಕಿಕೊಂಡು ಬಂದಳು.

ಹಳೆಯ ಗುಂಡಿಯ ಗುಡಿಸಲಿನಲ್ಲಿ ನನ್ನ ಹೆಲ್ಮೆಟ್ಟು ತೆಗೆದು ಮೊಳೆಗೆ ಹಾಕಿದೆ. ಹೊರಗೆ ಬಂದು ಬುಟ್ಟಿಗೆ ಕಲ್ಲು ತುಂಬಿದೆ. ಹೆಗಲ ಮೇಲಿನ ವೇಲನ್ನು ಉದ್ದಕ್ಕೆ ಹಿಡಿದು ಹುರಿ ಮಾಡಿ, ಸುತ್ತಿ, ಸುರುಳಿ ಮಾಡಿ ತಲೆಯ ಮೇಲೆ ಇಟ್ಟುಕೊಂಡೆ. ಹತ್ತನೆಯ ಇಯತ್ತೆಯ ಬೇಸಿಗೆ ರಜೆಯ ನಂತರ ನಾನು ಸಿಂಬಿ ಸುತ್ತಿರಲಿಲ್ಲ. ಬೆರಳು ಮರೆತಿರಲಿಲ್ಲ. ಬುಟ್ಟಿ ಎತ್ತಿ ತಲೆಗೇರಿಸಿದಾಗ ಕತ್ತು ತಾನೇ ನೆಟ್ಟಗಾಯಿತು.

ಗುಂಡಿಯ ಇಳಿಜಾರಿನಲ್ಲಿ ಇಳಿದು ತಳದಲ್ಲಿ ನಿಂತೆ. ತಿರುಗಿ ಮೇಲೆ ನೋಡಿದರೆ ಗುಡಿಸಲಿನ ಕಿಟಕಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ನನ್ನ ಪ್ಲಾನಿನಲ್ಲಿ ಒಂದು ನಿಯಮ ಬರೆದಿದ್ದೆ. ಪರದೆ ಹಸಿರಾದರೆ ಕೂತವನು ಯೋಚಿಸಬಾರದು, ಸೈರನ್ ಒತ್ತಬೇಕು. ಲಾರ್ಸ್ ನಿಯಮದ ಮನುಷ್ಯ.

ಸೈರನ್ ಕೂಗಿತು.

ಮದ್ದಿಲ್ಲವೆಂದು ಗೊತ್ತಿತ್ತು. ಆದರೂ ತಿರುಗಿ ಮೇಲಕ್ಕೆ ಓಡಲು ಹೆಜ್ಜೆ ಎತ್ತಿದ್ದೆ. ಯಶವಂತನಗರದಲ್ಲಿ ಆ ಸದ್ದಿಗೆ ಬೆಳೆದವಳು ನಾನು. ಸ್ಕೂಲಿನಲ್ಲಿ ಮೇಷ್ಟ್ರು ಪಾಠ ನಿಲ್ಲಿಸುತ್ತಿದ್ದರು. ಆ ಸದ್ದಾದ ಮೇಲೆ ಸಂಜೆ ಅವ್ವ ಮನೆಯ ಬಾಗಿಲಿಗೆ ಬರುವವರೆಗಿನ ಹೊತ್ತು ನನ್ನ ಮೈಯಲ್ಲಿ ಇನ್ನೂ ಇದೆ. ಬುಟ್ಟಿ ಜಾರಿತು. ಕಲ್ಲುಗಳು ಕಾಲಿನ ಸುತ್ತ ಉರುಳಿದವು. ಸಿಂಬಿ ಬಿಚ್ಚಿ ಮುಖದ ಮೇಲೆ ಬಿತ್ತು.

ಮೇಲೆ ಹತ್ತಿ ಬಂದಾಗ ಪರದೆ ಇನ್ನೂ ಹಸಿರಾಗಿತ್ತು. ಗುಂಡಿಯಲ್ಲಿ ಸೊನ್ನೆ ಜನ. ಹುಲಿಗೆಮ್ಮ, ಗುಡಿಸಲಿನಲ್ಲಿ, ಸುರಕ್ಷಿತ. ಇಂಗ್ರಿಡ್ ಪರದೆ ನೋಡುತ್ತಿದ್ದಳು, ಆಮೇಲೆ ಕಿಟಕಿ ನೋಡುತ್ತಿದ್ದಳು, ಮತ್ತೆ ಪರದೆ. ನಮ್ಮ ಕಂಪನಿಯಲ್ಲಿ ಯಾರೂ ಯಾವತ್ತೂ ತಲೆಯ ಮೇಲೆ ಏನನ್ನೂ ಹೊತ್ತಿಲ್ಲ ಎಂದಳು ಕೊನೆಗೆ. ನಮ್ಮ ಕಂಪನಿಯಲ್ಲಿ ಹೊತ್ತವಳು ಒಬ್ಬಳಿದ್ದಾಳೆ, ಅವಳೇ ಬರೆಯಲಿಲ್ಲ ಎಂದು ನಾನು ಹೇಳಿದೆ. ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಲಿಕ್ಕೆ ನನಗೆ ಎರಡು ಸಲ ಬೇಕಾಯಿತು.

ಬಿಲ್ಲೆಯನ್ನು ಆ ಬಟ್ಟೆಯ ಸುರುಳಿಯಲ್ಲೇ ಹೊಲಿದರೆ ಹೇಗೆ ಎಂದು ಲಾರ್ಸ್ ಕೇಳಿದ. ಅಲ್ಲೇ ಅವ್ವನಿಗೆ ಫೋನ್ ಮಾಡಿದೆ. ಸಿಂಬಿ ಅಂದರೆ ಸಾಮಾನೇನು, ಅದು ಬಟ್ಟೆ, ಅದನ್ನೇ ಬಿಚ್ಚಿ ಬೆವರು ಒರೆಸುತ್ತೇವೆ, ಅದರಲ್ಲೇ ರೊಟ್ಟಿ ಕಟ್ಟುತ್ತೇವೆ, ಇವಳದು ಅವಳು ಎತ್ತಿಕೊಂಡು ಹೋಗುತ್ತಾಳೆ ಎಂದಳು. ಆಮೇಲೆ, ಕಾಲಿಗೆ ಕಟ್ಟಿದರೆ ಚರಂಡಿಯ ನೀರು, ಕೈಗೆ ಕಟ್ಟಿದರೆ ಬಳೆ, ಸೊಂಟಕ್ಕಾದರೆ ನೋಡಬಹುದು ಎಂದೂ ಹೇಳಿದಳು. ಲಾರ್ಸ್ ಎಲ್ಲವನ್ನೂ ಬರೆದುಕೊಂಡ. ಮೂರು ತಿಂಗಳ ಮುಂಚೆ ನಾನು ಬರೆದುಕೊಳ್ಳಬೇಕಿದ್ದ ಪುಟ ಅದು.

ಹನ್ನೊಂದಕ್ಕೆ ಕಾಗದ ಬಂತು. ನಾನು ಸಹಿ ಹಾಕಲಿಲ್ಲ. ಕೆಳಗೆ ನೂರಾ ಹತ್ತೊಂಬತ್ತು ಎಂದು ಬರೆದು, ಅದರ ಮುಂದೆ ಫೇಲ್ ಎಂದು ಬರೆದೆ. ಸೊಂಟದ ಬಿಲ್ಲೆ ತಯಾರಾಗಿ, ಆ ಹೆಣ್ಣುಮಕ್ಕಳ ಮೇಲೆಯೇ ಪರೀಕ್ಷೆಯಾಗುವವರೆಗೆ ಮೇಸ್ತ್ರಿ ಹೆಸರು ಕೂಗುವುದನ್ನು ನಿಲ್ಲಿಸಬಾರದು ಎಂದು ಬರೆದೆ. ಇದಕ್ಕೆ ನಿಮ್ಮ ಕಂಪನಿಯ ಒಪ್ಪಿಗೆ ಇದೆಯೇ ಎಂದು ಇಂಗ್ರಿಡ್ ಕೇಳಿದಳು. ಇಲ್ಲ ಅಂದೆ. ಅವಳು ಪೆನ್ನು ತೆಗೆದುಕೊಂಡು ನನ್ನ ಸಾಲಿನ ಕೆಳಗೆ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ತನ್ನ ಹೆಸರು ಹಾಕಿದಳು. ಲಾರ್ಸ್ ಶುಪ್ ಎಂದು ಉಸಿರು ಒಳಗೆಳೆದುಕೊಂಡ.

ಕಂಪ್ಲಿ, ಆಮೇಲೆ ಯಶವಂತನಗರ

ವಾಪಸು ಬಂದ ಮೂರನೆಯ ದಿನ ಪ್ರಶಾಂತ್ ಸರ್ ನನ್ನನ್ನು ಆ ಕೆಲಸದಿಂದ ತೆಗೆದರು. ಕಂಪ್ಲಿಯ ಅಕ್ಕಿ ಗಿರಣಿಯೊಂದರ ಗೋದಾಮಿನ ಸಾಫ್ಟ್‌ವೇರ್ ಪರೀಕ್ಷಿಸಲು ಹಾಕಿದ್ದಾರೆ. ಇದು ಶಿಕ್ಷೆ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಸ್ವೀಡನ್ನಿಗೆ ಹೋಗಿ ಬಂದವಳು ಈಗ ದಿನಾ ಕಂಪ್ಲಿ ಬಸ್ಸಿಗೆ ಟವೆಲ್ ಎಸೆಯುತ್ತಿದ್ದೇನೆ. ಅಲ್ಲಿ ಮೊದಲ ವಾರ ನಾನು ಒಂದು ಸಾಲೂ ಬರೆಯಲಿಲ್ಲ. ಹಮಾಲರ ಜೊತೆ ಗೋದಾಮಿನ ಕಟ್ಟೆಯ ಮೇಲೆ ಕೂತು, ಚೀಲ ಎಲ್ಲಿ ಇಳಿಸುತ್ತಾರೆ, ಎಲ್ಲಿ ಇಳಿಸಿದ್ದೇವೆಂದು ಹೇಳುತ್ತಾರೆ ಎಂದು ನೋಡುತ್ತ ಇದ್ದೆ. ಏನ್ ಮೇಡಂ, ಕೆಲಸ ಇಲ್ಲೇನ್ರಿ ನಿಮ್ಗ ಎಂದು ಅವರು ನಗಾಡಿದರು. ಇದೇ ಕೆಲಸ ಅಂದೆ.

ಗಣಿಯ ಪ್ಲಾನಿನ ಹೊಸ ಪ್ರತಿ ತಯಾರಾಗುತ್ತಿದೆಯಂತೆ. ಮುಖಪುಟದಲ್ಲಿ ಪ್ರಶಾಂತ್ ಸರ್ ಹೆಸರೇ ಇದೆ. ಇರಲಿ ಎಂದು ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಅದಕ್ಕೂ ಸಿಟ್ಟಿದೆ. ನೋಟಿಸ್ ಮಾತ್ರ ಯಾರೂ ಹಚ್ಚಲಿಲ್ಲ. ಇಂಗ್ರಿಡ್‌ಳ ಸಾಲು ಆ ಕಾಗದದ ಮೇಲೆ ಇರುವವರೆಗೆ ಹಚ್ಚುವುದು ಕಷ್ಟ.

ಹೋದ ಶನಿವಾರವಲ್ಲ, ಅದರ ಹಿಂದಿನ ಶನಿವಾರ ರಜೆ ಹಾಕಿ ಯಶವಂತನಗರಕ್ಕೆ ಹೋಗಿದ್ದೆ. ಮಧ್ಯಾಹ್ನ ಅವ್ವನಿಗೆ ಬುತ್ತಿ ಕೊಡುವ ನೆಪದಲ್ಲಿ ಗಣಿಯ ಗೇಟಿಗೆ ಹೋದೆ. ಕಾವಲುಗಾರ ಒಳಗೆ ಬಿಡಲಿಲ್ಲ. ಬ್ಲಾಸ್ಟಿಂಗ್ ಐತಿ, ಇಲ್ಲೇ ನಿಂದ್ರಿ ಅಂದ. ಬೇಲಿಯಿಂದ ತಗಡಿನ ಶೆಡ್ಡು ಕಾಣುತ್ತಿತ್ತು. ಗೂಟಗಳಲ್ಲಿ ಹಳದಿ ಹೆಲ್ಮೆಟ್ಟುಗಳು ಸಾಲಾಗಿ ನೇತಾಡುತ್ತಿದ್ದವು, ಎಲ್ಲವೂ ಹೊಸದರಂತೆ ಹೊಳೆಯುತ್ತ. ಕೆಳಗಿನಿಂದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹತ್ತಿ ಬಂದು ಕೆಂಪು ಬಾವುಟದ ಈಚೆ ಕೂತರು. ಮೇಸ್ತ್ರಿ ಪುಸ್ತಕ ತೆಗೆದ.

ಒಂದೊಂದೇ ಹೆಸರು. ಒಂದೊಂದೇ ಓ. ಅವ್ವನ ಹೆಸರಿಗೆ ಯಾರೂ ಓ ಅನ್ನಲಿಲ್ಲ. ಮೇಸ್ತ್ರಿ ತಲೆ ಎತ್ತಿ ನೋಡಿದ. ಗೀಟು ಹಾಕಲಿಲ್ಲ. ಇನ್ನೊಮ್ಮೆ ಜೋರಾಗಿ ಕೂಗಿದ. ನಾನು ಬೇಲಿಯ ತಂತಿ ಹಿಡಿದುಕೊಂಡೆ.

ಇಳಿಜಾರಿನ ತುದಿಯಲ್ಲಿ ಮೊದಲು ಪುಟ್ಟಿ ಕಂಡಿತು, ಅದರ ಕೆಳಗೆ ಸಿಂಬಿ, ಆಮೇಲೆ ಅವಳ ಮುಖ.

“ಬಂದೆ ತಡಿಯೋ ಮಾರಾಯ,” ಅಂದಳು. “ಪುಟ್ಟಿ ಬಿಟ್ ಬರ್ಲೇನು?”

ಮೇಸ್ತ್ರಿ ಗೀಟು ಹಾಕಿದ.